ಬಸವನ ಬಲಗಣ್ಣು

ಚಕ್ಕೆಯೊಂದು ಸೀರೆಯ ನೆರಿಗೆಯಲ್ಲಿ ಸಿಕ್ಕಿಕೊಂಡಿದೆ, ತೆಗೆಯೋಣವೆಂದರೆ ಕೈಗೆ ಬಿಡುವಿಲ್ಲ, ಎರಡೂ ಕೈಯಲ್ಲಿ ಕಟ್ಟಿಗೆಯ ಬಸವನನ್ನು ಮರಳಿನ ಚೀಲಕ್ಕೆ ಒತ್ತಿ ಹಿಡಿದಿದ್ದಾಳೆ ಚನ್ನಬಸಮ್ಮ, ಬೇವಿನ ಕಹಿ ವಾಸನೆ ಮೂಗಿಗೇರುತ್ತಿದೆ, ಮರ ಬಿದ್ದು ಎರಡು ವರ್ಷವಾದರೂ ಈ ಕಟ್ಟಿಗೆ ತನ್ನ ಗುಣ ಬಿಟ್ಟಿಲ್ಲ, ಉಳಿ ತಾಗಿತೋ ಇಲ್ಲವೋ ಕಹಿ ಕಾರುತ್ತದೆ, ಥೇಟ್ ಇವರ ಹಾಗೆ — ಇವರು, ಕಟ್ಟಿಕೊಂಡ ಗಂಡ, ಚಿದಾನಂದಪ್ಪ, ಎದುರಿನ ಸ್ಟೂಲಿನ ಮೇಲೆ ಕೂತು ಸಣ್ಣ ಉಳಿಯನ್ನು ಎಡಗೈಯಲ್ಲಿ ಹಿಡಿಯುತ್ತಾರೆ, ಸರಿಬರಲಿಲ್ಲವೆಂದು ಕೆಳಗಿಡುತ್ತಾರೆ, ಮತ್ತೆ ಹಿಡಿಯುತ್ತಾರೆ, ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿದೆ, ದೀಪಾವಳಿ ಆದಮೇಲೆ ಲಕ್ವಾ ಹೊಡೆದಾಗಿನಿಂದ ಅದು ಹಾಗೇ, ಕಾಲು ಬಂತು, ಮಾತು ಅರ್ಧ ಬಂತು, ಸಿಟ್ಟು ಮಾತ್ರ ಪೂರ್ತಿ ಬಂತು, ಕೈ ಬರಲಿಲ್ಲ. ಸೆಖೆಗೆ ಬೆನ್ನ ಮೇಲೆ ಬೆವರು ಇಳಿಯುತ್ತಿದೆ, ಫ್ಯಾನು ನಿಲ್ಲಿಸಿದ್ದಾರೆ, ಕಣ್ಣು ಬಿಡಿಸುವಾಗ ಫ್ಯಾನು ನಿಲ್ಲಿಸುವುದು ಇಲ್ಲಿಯ ರೂಢಿ, ಪುಡಿ ಹಾರಿ ಕೆತ್ತುವವರ ಕಣ್ಣಿಗೇ ಬಿದ್ದೀತು ಎಂದು, ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ, ತಗಡಿನ ಶೆಡ್ಡಿನೊಳಗೆ, ಬೇಕೆಂದೇ ಫ್ಯಾನು ನಿಲ್ಲಿಸಿ ಕೂರುವ ಜನ ಇನ್ನೆಲ್ಲಿದ್ದಾರು, ಹುಚ್ಚರ ಸಂತೆ, ತಾನೂ ಅದರಲ್ಲೊಬ್ಬಳು, ಮೊದಲು ಬಂದದ್ದು ಇವರಿಗೆ ಬುತ್ತಿ ತರಲಿಕ್ಕೆ, ಸುಮ್ಮನೆ ಕೂತು ಬೇಸರವಾಗಿ ಒಂದು ಹುಟ್ಟು ಕೆತ್ತಿದ್ದಳು, ಸಾರಿಗೆ ಹಾಕಿದರೆ ಸಾರೆಲ್ಲ ಕೆಳಗೆ ಸೋರುವಂಥ ಹುಟ್ಟು, ಎಲ್ಲರೂ ನಕ್ಕರು, ಮುಂದಿನ ಭಾನುವಾರ ಹಟ ಹಿಡಿದು ಇನ್ನೊಂದು ಕೆತ್ತಿದಳು, ಅಲ್ಲಿಂದ ಬಿಡಲಾಗಲಿಲ್ಲ. ಬಸವನ ಮುಖದ ಮೇಲೆ ಬಲಗಣ್ಣು ಇರಬೇಕಾದ ಕಡೆ ಬೋಳು ಜಾಗ, ಪೆನ್ಸಿಲ್ಲಿನ ಒಂದು ದುಂಡನೆಯ ಗೀರು, ಅಷ್ಟೇ.

ಈ ಶೆಡ್ಡು ಕೊಟ್ರಬಸಪ್ಪನವರದು, ಪಾರ್ವತಿನಗರದ ಮನೆಯ ಹಿಂದೆ ಕಾರಿಗೆಂದು ಕಟ್ಟಿಸಿದ್ದು, ಈಗ ಕಾರು ಬೀದಿಯಲ್ಲಿ ಬಿಸಿಲು ಕಾಯುತ್ತದೆ, ಒಳಗೆ ಭಾನುವಾರ ಕೆತ್ತಲು ಸೇರುವ ಉಳಿ ಬಳಗ, ಹತ್ತಿ ವ್ಯಾಪಾರ ಮಕ್ಕಳಿಗೆ ಬಿಟ್ಟುಕೊಟ್ಟ ಕೊಟ್ರಬಸಪ್ಪ, ಹಲ್ಲಿನ ಡಾಕ್ಟರು ಸೌಂದರ್ಯ, ರೂಪನಗುಡಿಯಿಂದ ಬರುವ ಟ್ರ್ಯಾಕ್ಟರ್ ಮೆಕ್ಯಾನಿಕ್ ಮಾರೆಣ್ಣ, ಸಿರುಗುಪ್ಪದಿಂದ ಬಸ್ಸು ಹಿಡಿದು ಬರುವ ತಾವಿಬ್ಬರು. ಯಾರ ಕೆಲಸಕ್ಕೂ ಯಾರಾದರೂ ಕೈ ಹಚ್ಚಬಹುದು, ಮಾರೆಣ್ಣ ಕೇಳಿದವರಿಗೆಲ್ಲ ಉಪ್ಪುಕಾಗದ ಹಾಕಿ ತಿಕ್ಕಿಕೊಡುತ್ತಾನೆ, ಸೌಂದರ್ಯ ಹಲ್ಲು ಕೆರೆಯುವ ಸೂಜಿ ತಂದು ಕಿವಿಯ ಸಂದಿ ಬಿಡಿಸಿಕೊಡುತ್ತಾಳೆ, ಆದರೆ ಕಣ್ಣು ಮಾತ್ರ ಮಾಡಿದವರದೇ, ಆ ಹೊತ್ತಿನಲ್ಲಿ ಇನ್ನೊಬ್ಬರು ಗೊಂಬೆಯನ್ನು ಹಿಡಿದುಕೊಳ್ಳಬಹುದು, ಉಳಿಗೆ ಬೆರಳು ತಾಗಿಸಕೂಡದು, ಕಣ್ಣಿಲ್ಲದ್ದು ಪ್ರದರ್ಶನದ ಮೇಜಿಗೆ ಏರಕೂಡದು, ಅದಕ್ಕೆ ಅರೆಬರೆ ಗೊಂಬೆಗಳನ್ನಿಡುವ ಮೂಲೆಯ ನಿದ್ದೆ ಹಲಗೆಯೇ ಗತಿ. ಈ ಕಟ್ಟಳೆ ಹಾಕಿದವರು ಬೇರೆ ಯಾರೂ ಅಲ್ಲ, ಇವರೇ, ನೀರಾವರಿ ಆಫೀಸಿನಲ್ಲಿ ಕೂತು ಯಾರಿಗೂ ಒಂದು ತೂಬು ನೀರು ಹೆಚ್ಚು ಬಿಡದ ಮನುಷ್ಯ ಇಲ್ಲಿ ಮಾತ್ರ ಬಿಟ್ಟಾರೇ. ಬಳಗದ ವೀರಭದ್ರ ತೀರಿಕೊಂಡಾಗ ಅವನ ಗಿಳಿ ಆ ಹಲಗೆಯ ಮೇಲಿತ್ತು, ರೆಕ್ಕೆ ಪುಕ್ಕ ಎಲ್ಲ ಮುಗಿದು ಕಣ್ಣೊಂದೇ ಉಳಿದಿತ್ತು, ಹೆಂಡತಿ ಜೋಗಮ್ಮ ಬಂದು, ಅಣ್ಣಾರ, ನೀವರ ಒಂದು ಕಣ್ಣು ಹಚ್ಚಿಕೊಡ್ರಿ, ಮನ್ಯಾಗ ಇಟ್ಕೊಂತೀನಿ, ಅಂದಾಗ ಇವರು, ಇಲ್ಲವಾ ತಂಗಿ, ಅದು ಆತನದು, ಹಂಗ ಇರಲಿ, ಅಂದರು. ಜೋಗಮ್ಮ ಸೆರಗಿನಿಂದ ಗಿಳಿಯ ಮೇಲಿನ ಧೂಳು ಒರೆಸಿ ಹೋದಳು, ಕೊಡ್ರಿ ಅಂತ ಅಂದು ತಾನಾದರೂ ಇವರಿಗೆ ಹೇಳಬೇಕಿತ್ತು. ಗಿಳಿ ಇನ್ನೂ ಅಲ್ಲೇ ಇದೆ, ಇವರ ಬೆನ್ನ ಹಿಂದೆ, ಅದರ ಪಕ್ಕ ಒಂದು ಗೇಣು ಜಾಗ ಖಾಲಿ ಇದೆ, ಒಳಗೆ ಬರುವಾಗ ಇವರು ಆ ಖಾಲಿ ಜಾಗ ನೋಡಿದ್ದನ್ನು ಅವಳು ನೋಡಿದ್ದಾಳೆ. ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ, ಇವತ್ತ… ಆಗಲಿಲ್ಲಂದ್ರ… ಉಳಿ… ಮಾರೆಣ್ಣಗ, ಅಂದರು, ಏನ್ರಿ, ಅಂದಳು, ಕೇಳಿಸಿತ್ತು, ಆದರೂ ಕೇಳಿದಳು, ಕೊಟ್ಟ… ಬರೂನು, ಅಂದರು, ಅಷ್ಟೇ ಮಾತು, ಉಳಿಗಳ ಕ್ಯಾನ್ವಾಸ್ ಚೀಲ ತೊಡೆಯ ಮೇಲೆ ಇಟ್ಟುಕೊಂಡು ಬಳ್ಳಾರಿ ಮುಟ್ಟುವ ತನಕ ಅದರ ದಾರ ಬಿಚ್ಚಿದರು, ಕಟ್ಟಿದರು. ಇವರು ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಕುಳವಲ್ಲ, ಉಳಿ ಹೋದರೆ ಆಮೇಲೆ ಏನು, ಟಿವಿ, ಮಾತ್ರೆ, ಮತ್ತೆ ಟಿವಿ, ಗೋಡೆಗೆ ಒರಗಿ ಕೂತ ಒಬ್ಬ ಮನುಷ್ಯ, ಬೇಡಪ್ಪ, ಅದನ್ನು ನೋಡಲು ತನ್ನಿಂದಾಗದು. ಪೆನ್ಸಿಲ್ಲಿನ ಗೀರು ಬೆವರಿಗೆ ಸ್ವಲ್ಪ ಮಾಸಿದೆ, ಬೋಳು ಜಾಗ ಮಾತ್ರ ಹಾಗೇ ಇದೆ.

ಹಿಡಿ, ಅಂದರು ಇವರು, ಹಿಡಿದೇ ಇದ್ದೀನಲ್ರಿ, ಅಂದಳು. ಈ ಬೇವು ಕುರುಗೋಡಿನದು, ಇವರು ಹುಟ್ಟಿದ ಮನೆಯ ಹಿತ್ತಲಲ್ಲಿ ಗಾಳಿಗೆ ಬಿದ್ದ ಮರ, ಸಣ್ಣವರಿದ್ದಾಗ ದಿನಾ ಗುಡಿಗೆ ಹೋಗಿ ದೊಡ್ಡ ಬಸವಣ್ಣನ ಮುಂದೆ ನಿಲ್ಲುತ್ತಿದ್ದರಂತೆ, ಅಷ್ಟು ದೊಡ್ಡ ಬಸವನ ಎದುರು ಇಷ್ಟು ಸಣ್ಣ ಹುಡುಗ, ಕೆಳಗಿನಿಂದ ಕಂಡದ್ದೇ ಬಸವ, ಅದಕ್ಕೇ ಇವರು ಕೆತ್ತಿದ ಬಸವನಿಗೆ ಕೊರಳ ಕೆಳಗಿನ ಗಂಗೆದೊಗಲು ದೊಡ್ಡದು, ಮೂಗಿನ ಹೊಳ್ಳೆ ಇನ್ನೂ ದೊಡ್ಡದು, ನೆಗಡಿ ಆಗೇತೇನ್ರಿ ನಿಮ್ಮ ಬಸವಗ, ಅಂತ ಮಾರೆಣ್ಣ ಕೇಳಿದರೆ ಇವರು, ನೀ ಕುರುಗೋಡಾಗ ಹುಟ್ಟಿಲ್ಲ ಬಿಡಲೇ, ಅಂದಿದ್ದರು, ಆಗ ಮಾತು ಪೂರ್ತಿ ಇತ್ತು. ಎಡಗಣ್ಣು ಬಿಡಿಸಿದ್ದು ದೀಪಾವಳಿಯ ಹಿಂದಿನ ಭಾನುವಾರ, ಒಂದೇ ಉಸಿರಿನಲ್ಲಿ, ಬಲಗೈಯಲ್ಲಿ, ನೋಡಿದವರು ಆಹಾ ಅಂದರು, ಬಲಗಣ್ಣು ಮುಂದಿನ ವಾರ, ಅಂದರು ಇವರು, ಮುಂದಿನ ವಾರ ಆಸ್ಪತ್ರೆ. ಒಕ್ಕಣ್ಣಿನ ಬಸವ ಆರು ತಿಂಗಳು ಸಿರುಗುಪ್ಪದ ಮನೆಯಲ್ಲಿ ಟಿವಿಯ ಪಕ್ಕ ಕೂತಿತ್ತು, ಇವರು ಅದರ ಮುಖಕ್ಕೆ ಟವಲು ಮುಚ್ಚಿಸಿದರು, ನನ್ನ… ನೋಡತೈತಿ, ಅಂತ. ಮಗಳು ಅಂಜನಾ ಸಾಲೆ ಮುಗಿಸಿ ಬಂದು ಅಡುಗೆಮನೆಯಲ್ಲಿ ಪಿಸುಪಿಸು, ಯವ್ವಾ, ನೀನ ಕೆತ್ತಿಬಿಡು, ನಿನಗೇನು ಬರಂಗಿಲ್ಲೇನು, ಅಪ್ಪಗ ತಾನ ಮಾಡಿದ್ದು ಅಂತ ಹೇಳೂನು, ಪಾಪ, ಖುಷಿ ಆಗತಾರ. ಖುಷಿ ಆಗುತ್ತಾರಂತೆ, ಇವರ ಮಗಳಾಗಿ ಇವರನ್ನು ಇಷ್ಟೇ ಕಂಡದ್ದು, ತಾನು ಕೆತ್ತದ ಗೆರೆ ಒಂದಿದ್ದರೂ ಕತ್ತಲಲ್ಲಿ ತಡವಿ ಹೇಳುವ ಮನುಷ್ಯ. ಆದರೂ ಮಧ್ಯಾಹ್ನ ಇವರು ಮಲಗಿದಾಗ ಹಿತ್ತಲ ಕಟ್ಟೆಯ ಮೇಲೆ ಅದೇ ಬೇವಿನ ಒಂದು ಹಲಗೆ ತುಂಡು ಇಟ್ಟುಕೊಂಡು ಕಣ್ಣು ಕೆತ್ತಲು ಕೂತಳು, ಒಂದು, ಅದರ ಪಕ್ಕ ಒಂದು, ಹಲಗೆ ತುಂಬ ಕಣ್ಣು, ಅಂಜನಾ ನೋಡಿ, ಅಲಾ, ಕಲಿಯಾಕ ಹತ್ತೀದಿ ಅಂದ್ರ ಕೆತ್ತಾಕಿನ ನೀನು, ಅಂತ ನಕ್ಕಳು, ಹುಡುಗಿ ಸರಿಯಾಗಿ ನೋಡಿದ್ದರೆ ತಿಳಿಯುತ್ತಿತ್ತು ಉಳಿ ಯಾವ ಕೈಯಲ್ಲಿದೆ ಎಂದು.

ಇವರು ಉಳಿ ಇಟ್ಟರು. ಎಲ್ಲರೂ ಕೆಲಸ ನಿಲ್ಲಿಸಿದ್ದಾರೆ, ನಿಲ್ಲಿಸಿಲ್ಲ ಎಂದು ತೋರಿಸಿಕೊಳ್ಳಲು ಮಾರೆಣ್ಣ ತಿಕ್ಕಿದ ಹುಟ್ಟನ್ನೇ ತಿಕ್ಕುತ್ತಿದ್ದಾನೆ, ತಿನ್ನಲು ತಂದಿಟ್ಟ ವಗ್ಗರಣಿ ಮಿರ್ಚಿ ಕಾಗದದಲ್ಲೇ ಆರುತ್ತಿದೆ, ಬಸವನ ಮೂತಿ ಇವರ ಕಡೆಗಿದೆ, ಯಾವತ್ತೂ ಹಾಗೆಯೇ ಇಟ್ಟುಕೊಂಡ ಅಭ್ಯಾಸ, ಬಲಗೈಗೆ ಅದು ಸರಿ, ಎಡಗೈಗೆ ಉಳಿ ಕಟ್ಟಿಗೆಯ ಎಳೆಯ ಎದುರಿಗೆ ಹೋಗುತ್ತದೆ, ಎದುರಿಗೆ ಹೋದರೆ ಬೇವು ಸುಮ್ಮನಿರುವ ಜಾತಿಯಲ್ಲ, ಅಯ್ಯೋ ನಿಲ್ಲಿಸ್ರಿ ಅನ್ನಬೇಕು, ಅಂದರೆ ಇವರು ಎದ್ದೇಬಿಡುತ್ತಾರೆ, ಅನ್ನದಿದ್ದರೆ — ಚರ್ ಅಂತು, ಗೀರಿನ ಅಂಚಿನಲ್ಲಿ ಒಂದು ಸಿಬಿರು ಎದ್ದು ನಿಂತಿತು. ಇವರ ಕೆನ್ನೆ ಕೆಂಪಾಯಿತು, ಉಳಿ ಕೆಳಗಿಟ್ಟರು, ಕಣ್ಣು ಹೋದದ್ದು ಕ್ಯಾನ್ವಾಸ್ ಚೀಲದ ಕಡೆಗೆ, ಅವಳು ಯೋಚಿಸಿ ಮಾಡಿದ್ದಲ್ಲ, ಬಸವನನ್ನು ಎತ್ತಿ ಸರಕ್ಕನೆ ತಿರುಗಿಸಿ ಬಾಲ ಇವರ ಕಡೆ ಮಾಡಿ ಇಟ್ಟಳು. ಯಾಕ, ಅಂದರು. ಎಡಗೈಗೆ ಹಿಂಗ ಬರತೈತ್ರಿ, ಎಳಿ ಜೊತಿಗೆ ಹೋಗತೈತಿ. ನಿನಗ… ಹೆಂಗ ಗೊತ್ತು. ಅವಳ ಕೈ ಬಸವನ ಮೇಲಿತ್ತು, ಎಡಗೈಯ ಅಂಗೈ ಅಂಚು ಕಾಣುತ್ತಿತ್ತು, ಉಳಿಯ ಹಿಡಿ ಒತ್ತಿ ಒತ್ತಿ ಎದ್ದ ಬೊಬ್ಬೆ, ಒಡೆದು ಒಣಗಿ ಮೇಲೆ ಮತ್ತೆ ಎದ್ದದ್ದು, ಬಲಗೈಯಲ್ಲಿ ಕೆತ್ತುವ ಹೆಂಗಸಿಗೆ ಅಲ್ಲಿ ಬೊಬ್ಬೆ ಬರುವುದಿಲ್ಲ, ಇವರಿಗೆ ಅದು ಗೊತ್ತು, ಬೊಬ್ಬೆಯನ್ನೇ ನೋಡಿದರು, ಬಹಳ ಹೊತ್ತು ನೋಡಿದರು, ನೋಡಿ ಮತ್ತೆ ಉಳಿ ತಗೊಂಡರು. ಎಡಗೈಯೊಂದರಿಂದಲೇ ಆಗುವುದಿಲ್ಲ, ಅದೂ ಅವಳಿಗೆ ಗೊತ್ತು, ಮುಂದೆ ಒತ್ತುವ ಕೈ ಒಂದಾದರೆ ಉಳಿಯ ಅಲಗಿಗೆ ಹೆಬ್ಬೆರಳು ಕೊಟ್ಟು ತಡೆಯುವ ಕೈ ಇನ್ನೊಂದು ಬೇಕು, ತಡೆ ಇಲ್ಲದಿದ್ದರೆ ಉಳಿ ಓಡಿಹೋಗುತ್ತದೆ, ಹಿತ್ತಲಿನ ಆ ಹಲಗೆ ತುಂಡಿನ ಮೇಲೆ ಅವಳು ಕೂಡ ಕೊನೆಗೆ ಬಲಗೈ ಹೆಬ್ಬೆರಳು ಕೊಟ್ಟೇ ಕಣ್ಣು ಮುಗಿಸಿದ್ದು, ಇವರ ಬಲಗೈ ತೊಡೆಯ ಮೇಲಿದೆ. ಬಸವನನ್ನು ಎಡಗೈಯಿಂದ ಎದೆಗೆ ಒತ್ತಿಕೊಂಡಳು, ಬಲಗೈ ಬಿಡಿಸಿಕೊಂಡು ಹೆಬ್ಬೆರಳನ್ನು ಇವರ ಉಳಿಯ ಅಲಗಿನ ಪಕ್ಕಕ್ಕೆ ತಂದು ಇಟ್ಟಳು, ಅಲಗು ತಣ್ಣಗಿತ್ತು. ಮಾರೆಣ್ಣನ ಕಾಗದ ನಿಂತಿತು, ಸೌಂದರ್ಯ, ಆಂಟಿ, ಅಂದಳು, ಕೊಟ್ರಬಸಪ್ಪ ಕನ್ನಡಕ ಮೇಲೆ ಸರಿಸಿ ಎದ್ದು ಹತ್ತಿರ ಬಂದರು, ಇವರೇ ಹಾಕಿದ ಕಟ್ಟಳೆಯನ್ನು ಇಷ್ಟು ವರ್ಷ ಕಾದವರು, ಜೋಗಮ್ಮ ಕೇಳಿದ ದಿನವೂ ಇವರ ಮಾತಿಗೆ ಹೂಂಗುಟ್ಟಿದವರು, ಚಿದಾನಂದಪ್ಪಾರ, ಅಂದರು, ಉಳಿ ಮ್ಯಾಲಿನ ಹೆಬ್ಬಟ್ಟು ಯಾರದ್ರಿ.

ಕೇಳಿದ್ದು ತಪ್ಪಲ್ಲ, ಕೇಳಬೇಕಾದದ್ದೇ, ಈಗ ಕೈ ತೆಗೆಯಬೇಕು, ತೆಗೆದರೆ ಉಳಿ ಚೀಲಕ್ಕೆ, ಚೀಲ ಮಾರೆಣ್ಣನಿಗೆ, ಬಸವ ಗಿಳಿಯ ಪಕ್ಕಕ್ಕೆ, ಇವರು ಗೋಡೆಯ ಪಕ್ಕಕ್ಕೆ, ತೆಗೆಯಲೋ ಬೇಡವೋ, ಬೆರಳು ಅಲ್ಲೇ ಇದೆ, ಇವರು ತಲೆ ಎತ್ತಲಿಲ್ಲ, ಬಾಯಿ ಒಂದು ಕಡೆಗೆ ಎಳೆಯಿತು, ಮಾತು ಒಳಗೇ ಹುಡುಕಾಡಿತು, ಬರುವುದಿಲ್ಲವೇನೋ ಅಂದುಕೊಂಡಳು, ಬಂತು. ನಂದು, ಅಂದರು. ಕೊಟ್ರಬಸಪ್ಪ, ಹಂಗಾದ್ರ ಸರಿ ಬಿಡ್ರಿ, ಅಂದು ತಮ್ಮ ಜಾಗಕ್ಕೆ ಹೋಗಿ ಕೂತರು, ಕೂತು ಮೂಗು ಸೀಟಿಕೊಂಡರು. ಇವರು ಒತ್ತುತ್ತಾರೆ, ಅವಳು ತಡೆಯುತ್ತಾಳೆ, ಇವರು ಎಲ್ಲಿ ಒತ್ತುತ್ತಾರೆಂದು ಬೆರಳಿಗೆ ಮೊದಲೇ ತಿಳಿಯುತ್ತದೆ, ಇಷ್ಟು ವರ್ಷದ ಸಂಸಾರದಲ್ಲಿ ಇಬ್ಬರೂ ಒಂದು ಕೆಲಸವನ್ನು ಜಗಳವಿಲ್ಲದೆ ಮಾಡಿದ್ದು ಇದೇ ಮೊದಲಿರಬೇಕು, ನಗು ಬಂತು, ನಕ್ಕರೆ ಬೆರಳು ಅಲುಗೀತು ಎಂದು ತುಟಿ ಕಚ್ಚಿದಳು, ಅಳುವೂ ಬಂತು, ಅದಕ್ಕೂ ಅದೇ ಉಪಾಯ, ಗೀರು ತೆಳ್ಳಗೆ ಸುರುಳಿಯಾಗಿ ಎದ್ದು ಬಂತು, ಸಿಬಿರು ಕೂಡ ಅದರ ಜೊತೆಗೆ ಹೋಯಿತು, ಬೋಳು ಜಾಗದ ನಡುವೆ ಗುಡ್ಡೆ ಮೂಡಿತು, ರೆಪ್ಪೆ ಮೂಡಿತು, ಸಾಕು, ಅಂದರು ಇವರು, ಉಳಿ ಇಟ್ಟರು, ತಿರುಗಿ ಹಲಗೆಯ ಮೇಲಿನ ಗಿಳಿಯ ಕಡೆ ಗದ್ದ ಎತ್ತಿ ತೋರಿಸಿ, ಜೋಗಮ್ಮಗ… ಬರಾಕ ಹೇಳು, ಅಂದರು, ಹಾಗಾದರೆ ಗಿಳಿಗೂ ಕಣ್ಣು ಬಂತು ಅಂದುಕೊಂಡಳು ಅವಳು. ಯಾರೋ ಫ್ಯಾನು ಹಾಕಿದರು, ಚಕ್ಕೆಗಳೆಲ್ಲ ಎದ್ದು ಓಡಿದವು, ಬಸವನನ್ನು ಮೇಜಿನ ಮೇಲೆ ನಿಲ್ಲಿಸಿದರು, ಎಡಗಣ್ಣು ನೆಟ್ಟಗೆ ಮುಂದಕ್ಕೆ, ಕುರುಗೋಡಿನ ಬಸವನ ಹಾಗೆ, ಯಾರನ್ನೂ ನೋಡದೆ ಎಲ್ಲರನ್ನೂ ನೋಡುವ ಕಣ್ಣು, ಬಲಗಣ್ಣು ಹಾಗಿಲ್ಲ, ಒಂದು ಗೋಧಿಕಾಳಿನಷ್ಟು ಕೆಳಗೆ ಇಳಿದಿದೆ, ಓರೆಯಾಗಿದೆ, ಮಾರೆಣ್ಣ, ಅಣ್ಣಾರ, ಇದು ಯಾಕೋ ಅಕ್ಕಾರನ್ನ ನೋಡಾಕ ಹತ್ತೇತಿ, ಅಂದ, ಎಲ್ಲರೂ ನಕ್ಕರು, ಇವರೂ ನಕ್ಕರು, ಅರ್ಧ ಬಾಯಿಯಲ್ಲಿ, ಅವಳು ಈ ಕಡೆ ಸರಿದು ನಿಂತು ನೋಡಿದಳು, ಆ ಕಡೆ ಸರಿದು ನೋಡಿದಳು, ಹೆಬ್ಬೆರಳ ಮೇಲೆ ಅಲಗು ಒತ್ತಿದ ಗೆರೆ ಇನ್ನೂ ಬೆಳ್ಳಗಿದೆ, ಬೆರಳು ಎಲ್ಲಿತ್ತೋ ಅತ್ತಲೇ ತಿರುಗಿದೆ ಕಣ್ಣು, ಪ್ರದರ್ಶನ, ಬಸ್ಸು, ಇವರ ಮಾತ್ರೆ, ಜೋಗಮ್ಮನ ನಂಬರು, ಏನನ್ನೋ ಯೋಚಿಸಬೇಕಿತ್ತು, ಆ ಕಣ್ಣು, ಸ್ವಲ್ಪ ಕೆಳಗಿಳಿದ ಕಣ್ಣು, ಅತ್ತಿತ್ತ ನೋಡದ, ರೆಪ್ಪೆ ಬಡಿಯದ, ತನ್ನನ್ನೇ ನೋಡುವ ಕಣ್ಣು —