ಗಾಳಿಯಲ್ಲಿ ನಿಂತ ಕುದುರೆ

"ಎತ್ತೋ, ಆ ತುದಿ ಸರಿಯಾಗಿ ಎತ್ತು! ಪುಸ್ತಕ ಬಿದ್ರೆ ಅಮ್ಮ ಸುಮ್ನೆ ಬಿಡ್ತಾಳಾ?" ಎಂದು ಬೈದ ಮೇಲೆ ಅಮ್ಮ ಇನ್ನು ಯಾರನ್ನೂ ಬೈಯುವುದಿಲ್ಲ ಎಂಬುದು ಮಗಳಿಗೆ ಹೊಳೆಯಿತು. ಹಿಡಿದ ಪೆಟ್ಟಿಗೆಯನ್ನು ಕೆಳಗಿಟ್ಟು ಅದರ ಮೇಲೆಯೇ ಕೂತು ಅತ್ತಳು. ತಮ್ಮ ಇನ್ನೊಂದು ತುದಿಯಲ್ಲಿ ನಿಂತು ಕಾದ. ಅದು ಹದಿನಾಲ್ಕನೆಯ ಪೆಟ್ಟಿಗೆ. ಮುಂದಿನ ಕೋಣೆಯಲ್ಲಿ ಅಮ್ಮನನ್ನು ಮಲಗಿಸುವಷ್ಟು ಜಾಗ ಬಿಡಿಸಲು ಬೆಳಗಿನಿಂದ ಅಕ್ಕತಮ್ಮ ಹೆಣಗುತ್ತಿದ್ದರು.

ಅಮ್ಮ ಹೋದದ್ದು ಹಿಂದಿನ ದಿನ. ಊಟ ಮಾಡಿ, ಕೈ ತೊಳೆದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿದವರು ತೆರೆಯಲಿಲ್ಲ. ಎಪ್ಪತ್ತಾರು ವರ್ಷ. ಸ್ಮಶಾನಕ್ಕೆ ಒಯ್ಯುವ ಗಾಡಿ ಇಂದು ನಾಲ್ಕು ಗಂಟೆಗೆ ಬರುವುದೆಂದು ಗೊತ್ತಾಗಿತ್ತು.

"ಅಕ್ಕ, ಈ ಗೋಂದಿನ ಬಾಟಲಿ ಎಲ್ಲಿಡ್ಲಿ?"

"ಅಲ್ಲೇ ಇರ್ಲಿ. ಅಮ್ಮನ ಹತ್ರಾನೇ ಇರ್ಲಿ."

ಅಮ್ಮನ ಮಂಚದ ದಿಂಬಿನ ಕೆಳಗಿನಿಂದ ಮಗಳು ಒಂದು ತೆಳ್ಳನೆಯ ಚಿತ್ರಕತೆಯ ಪುಸ್ತಕ ತೆಗೆದಳು. ರಟ್ಟು ಸವೆದಿತ್ತು. ಹೆಸರು 'ಅಂಚೆಯ ಕುದುರೆ'. ಅದನ್ನು ಕಂಡದ್ದೇ ತಮ್ಮ, "ಅಯ್ಯೋ, ಇನ್ನೂ ಇದ್ಯಾ ಇದು!" ಎಂದ. ಇರದೆ ಎಲ್ಲಿ ಹೋಗುತ್ತದೆ? ಮೂವತ್ತೆಂಟು ವರ್ಷ ಅಮ್ಮನನ್ನು ಊರಿಡೀ ಓಡಾಡಿಸಿದ ಪುಸ್ತಕ ಅದು.

*

ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ ಕಾಲು ಮುರಿದು ಎರಡು ತಿಂಗಳು ಮಂಚ ಹಿಡಿದಿದ್ದಳು. ಅಮ್ಮ ಕಚೇರಿಯಿಂದ ಬರುವಾಗ ಮೇಲ್ಸೇತುವೆಯ ಮೆಟ್ಟಿಲ ಮೇಲೆ ಹಳೆ ಪುಸ್ತಕ ಹರಡಿಕೊಂಡು ಕೂರುವವನ ಹತ್ತಿರ ಇದನ್ನು ಕೊಂಡುತಂದರು. ಒಬ್ಬ ಹುಡುಗಿ ಕಾಗದದ ಚೀಲ ಹೊತ್ತು ಕುದುರೆಯ ಮೇಲೆ ಬೆಟ್ಟ ದಾಟುವ ಕತೆ. ಕಣಿವೆಯ ಸೇತುವೆ ಮುರಿಯುತ್ತದೆ, ಕುದುರೆ ನೆಗೆಯುತ್ತದೆ. ಮಗಳು ಹಾಳೆ ತಿರುಗಿಸಿದರೆ ಹಿಂದಿನ ರಟ್ಟು! ಕೊನೆಯ ಆರು ಪುಟ ಇರಲೇ ಇಲ್ಲ.

"ಆಮೇಲೆ ಏನಾಯ್ತಮ್ಮ? ನೀನೇ ಹೇಳು, ಏನೋ ಒಂದು."

ಬೇರೆ ಅಮ್ಮಂದಿರಾಗಿದ್ದರೆ ಹೇಳಿ ಮುಗಿಸುತ್ತಿದ್ದರು. ಈ ಅಮ್ಮನೋ ದಾಖಲೆ ಕಚೇರಿಯ ನಕಲು ಗುಮಾಸ್ತೆ. ಹಳೆಯ ಪತ್ರಗಳನ್ನು ಅಕ್ಷರ ಬಿಡದೆ ಕೈಯಲ್ಲಿ ನಕಲು ಮಾಡಿ, ಕೆಳಗೆ 'ಮೂಲಕ್ಕೆ ತಾಳೆ ನೋಡಿದೆ' ಎಂದು ಬರೆದು ರುಜು ಹಾಕುವುದು ಅವರ ಕೆಲಸ.

"ಮೂಲ ನೋಡದೆ ನಾನು ಏನೂ ಹೇಳಲ್ಲಪ್ಪ. ತಪ್ಪಾಗುತ್ತೆ. ಇರು, ನಾಳೆ ತರ್ತೀನಿ."

ಆ ನಾಳೆಯ ಬೆನ್ನು ಹತ್ತಿ ಅಮ್ಮ ಹೊರಟರು. ಮೆಟ್ಟಿಲಂಗಡಿ, ತೂಕಕ್ಕೆ ಮಾರುವ ಗೋದಾಮು, ನ್ಯಾಯಾಲಯದ ಹಿಂದಿನ ಸಾಲಂಗಡಿಗಳು, ಮೂರನೆಯ ಮಹಡಿಯ ಕಾಮಿಕ್ಸ್ ಅಂಗಡಿ, ಒಂದನ್ನೂ ಬಿಡಲಿಲ್ಲ. ಶನಿವಾರ ಬಂತೆಂದರೆ ಹೆಗಲಿಗೆ ಚೀಲ. ಹೋದಲ್ಲೆಲ್ಲ ಪುಟ ಹರಿದ ಪುಸ್ತಕ ಕಣ್ಣಿಗೆ ಬಿದ್ದರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಇನ್ನೊಂದು ಅಂಗಡಿಯಲ್ಲಿ ಅದೇ ಪುಸ್ತಕ ಹುಡುಕಿ, ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತು, ಇಲ್ಲದ ಪುಟ ಬರೆದು, ತಂದು ಅಂಟಿಸುತ್ತಿದ್ದರು. ಆಮೇಲೆ ಗೋಂದು ಒಣಗುವ ತನಕ ಪುಸ್ತಕವನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ಊದುವುದು. ಅಂಗಡಿಯವರು ಅವರಿಗೆ ನಕಲಮ್ಮ ಎಂದು ಹೆಸರಿಟ್ಟರು. ಅವರ ಅಕ್ಷರ ಮುತ್ತು. ಚಿತ್ರ ಮಾತ್ರ ದೇವರೇ ಗತಿ.

ಮಗಳು ದೊಡ್ಡವಳಾದಳು, ಕೆಲಸಕ್ಕೆ ಸೇರಿದಳು, ತಲೆಯಲ್ಲಿ ಬಿಳಿ ಕೂದಲೂ ಬಂತು. ಒಂದು ದಿನ ರೇಗಿ ಅಂದೇಬಿಟ್ಟಳು: "ಸಾಕು ಬಿಡಮ್ಮ! ಆ ಕುದುರೆ ಕಣಿವೆಗೆ ಬಿದ್ದು ಸತ್ತೇ ಹೋಗಿರುತ್ತೆ."

ಅಮ್ಮ ಚಪ್ಪಲಿ ಮೆಟ್ಟುತ್ತಾ, "ನೋಡದೆ ಹೇಗೆ ಹೇಳ್ತೀಯ?" ಎಂದು ಕೇಳಿ ಹೊರಟುಹೋದರು.

*

ಹನ್ನೊಂದರ ಹೊತ್ತಿಗೆ ಅಂಗಡಿಯವರು ಬರತೊಡಗಿದರು. ಮೆಟ್ಟಿಲಂಗಡಿಯ ತಾತ ಕೋಲೂರಿಕೊಂಡು ಬಂದವನು ಅಮ್ಮನ ಕಾಲ ಬಳಿ ಕುಸಿದು ಕೂತ. "ನನ್ನ ಅರ್ಧ ಅಂಗಡಿ ಓದೋ ಹಾಗಿದ್ರೆ ಅದು ಈ ತಾಯಿ ಪುಣ್ಯ. ಈ ಶನಿವಾರ ಯಾರಿಗಮ್ಮ ಸ್ಟೂಲ್ ಹಾಕ್ಲಿ ನಾನು?" ಎಂದು ಗಟ್ಟಿಯಾಗಿಯೇ ಅತ್ತ. ಅವನ ಹಿಂದೆ ಕಾಮಿಕ್ಸ್ ಅಂಗಡಿಯವಳು ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದಳು.

ಮಧ್ಯಾಹ್ನ ಇಸ್ತ್ರಿ ಮಾಡಿದ ಕೋಟು ತೊಟ್ಟ ಮುದುಕರೊಬ್ಬರು ಬಂದು ಹೊಸ್ತಿಲ ಹೊರಗೇ ನಿಂತರು. ತಾತ ಅವರನ್ನು ಕಂಡು ಕೆರಳಿದ.

"ಯಾವ ಮುಖ ಇಟ್ಕೊಂಡು ಬಂದ್ರಿ ಸ್ವಾಮಿ?"

ಅವರು ಗಾಜಿನಂಗಡಿಯವರು. ಅಪರೂಪದ ಪುಸ್ತಕಗಳನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಅಂಟು ಹಾಕಿ, ಗಾಜಿನ ಬೀರುವಿನಲ್ಲಿಟ್ಟು ಬೀಗ ಜಡಿಯುವವರು. ಇಪ್ಪತ್ತೆರಡು ವರ್ಷದ ಹಿಂದೆ ಅವರು ಊಟಕ್ಕೆ ಎದ್ದಿದ್ದಾಗ ಅಮ್ಮ ಇನ್ನೂ ಬೀರು ಸೇರದ ಅವರ ಒಂದು ಹಳೆಯ ಪುಸ್ತಕಕ್ಕೆ ಎರಡು ಹಾಳೆ ಅಂಟಿಸಿಬಿಟ್ಟಿದ್ದರು. ಒಂದರಲ್ಲಿ ರಾಜನ ಕುದುರೆಯ ಚಿತ್ರವೂ ಇತ್ತು. "ಪುಸ್ತಕದ ಕುತ್ತಿಗೆ ಕೊಯ್ದ್ರಲ್ಲಮ್ಮ! ಇದೇನು ಕುದುರೆನಾ? ನಾಯಿ! ಇನ್ನು ನನ್ನ ಅಂಗಡಿ ಮೆಟ್ಟಿಲು ಹತ್ತಬೇಡಿ" ಎಂದು ಅವರು ಬೀದಿಗೆ ಕೇಳುವಂತೆ ಕೂಗಿದ್ದರು. ಅಮ್ಮ ಹತ್ತಲಿಲ್ಲ.

"ಬೈಯಿರಿ, ನಾನು ಬೈಸಿಕೊಳ್ಳಬೇಕಾದವನೇ," ಎಂದರು ಗಾಜಿನಂಗಡಿಯವರು. "ಆ ಪುಸ್ತಕ ನಾನು ಮಾರಲಿಲ್ಲ. ಎಷ್ಟು ಸಲ ಓದಿದೆನೋ! ಆ ಎರಡು ಹಾಳೆ ಇಲ್ಲದಿದ್ರೆ ಕತೆ ತಲೆಬುಡ ತಿಳೀತಿರಲಿಲ್ಲ. ಕರೆದು ಹೇಳಬೇಕು ಅಂದ್ಕೊಂಡೆ, ನಾಚಿಕೆಯಾಯ್ತು. ವರ್ಷ ಉರುಳಿಹೋಯ್ತು."

ಮಗಳು ಅಮ್ಮನ ನೋಟುಪುಸ್ತಕ ತೆರೆದು ತೋರಿಸಿದಳು. ಅರವತ್ತೊಂದು ಅಂಗಡಿಗಳ ಹೆಸರು. ಪ್ರತಿಯೊಂದರ ಮುಂದೆ ವರ್ಷವರ್ಷದ ತಾರೀಖು, 'ಸಿಗಲಿಲ್ಲ'. ಗಾಜಿನಂಗಡಿಯ ಮುಂದೆ ಮಾತ್ರ ಇಪ್ಪತ್ತೆರಡು ಸಲ ಒಂದೇ ಪದ: 'ಕರೆದಿಲ್ಲ'.

ಮುದುಕರು ಆ ಪದದ ಮೇಲೆ ಬೆರಳಿಟ್ಟರು. "ಏನು ಹುಡುಕ್ತಿದ್ರು?"

ಮಗಳು 'ಅಂಚೆಯ ಕುದುರೆ'ಯನ್ನು ಅವರ ಕೈಗೆ ಕೊಟ್ಟಳು. "ಇದರ ಕೊನೆ ಆರು ಪುಟ."

ಗಾಜಿನಂಗಡಿಯವರು ರಟ್ಟು ನೋಡಿದರು. ತಿರುಗಿಸಿ ನೋಡಿದರು. ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಇದು ನನ್ನ ಹತ್ರ ಇದೆಯಲ್ಲಮ್ಮ! ಹತ್ತು ವರ್ಷದಿಂದ ಇದೆ!"

ತಮ್ಮ ಗಡಿಯಾರ ನೋಡಿದ. ಒಂದೂ ಇಪ್ಪತ್ತು.

"ಗಾಡಿ ನಾಲ್ಕಕ್ಕೆ ಬರುತ್ತೆ," ಎಂದ.

"ಹಾಗಿದ್ರೆ ಇನ್ನೇನ್ ನೋಡ್ತಿದ್ದೀರಿ? ಹತ್ತಿ ಸ್ವಾಮಿ ಸ್ಕೂಟರು!" ಎಂದು ಕಾಮಿಕ್ಸಿನವಳು ಹೆಲ್ಮೆಟನ್ನು ಅವರ ತಲೆಗೇ ತೊಡಿಸಿದಳು.

*

ಎರಡೂಕಾಲು ಗಂಟೆಗೆ ಮರಳಿ ಬಂದಾಗ ಗಾಜಿನಂಗಡಿಯವರ ಕೋಟಿನ ಗುಂಡಿ ಕಿತ್ತುಹೋಗಿತ್ತು. ಎದೆಗವಚಿಕೊಂಡಿದ್ದ ಪುಸ್ತಕ ಮಾತ್ರ ಪ್ಲಾಸ್ಟಿಕ್ಕಿನೊಳಗೆ ಬೆಚ್ಚಗಿತ್ತು. ಅಂಟು ಒಡೆದರೆ ಬೆಲೆ ಹೋಗುತ್ತದೆಂದು ಜೀವಮಾನವಿಡೀ ಹೇಳಿಕೊಂಡು ಬಂದವರು, ಎಲ್ಲರೆದುರು ಜೇಬಿನಿಂದ ಬೀಗದಕೈ ತೆಗೆದು ಅದರಿಂದ ಪ್ಲಾಸ್ಟಿಕ್ಕನ್ನು ಪರ್‍ರೆಂದು ಸೀಳಿದರು.

"ತಗೋ ತಾಯಿ. ಇಟ್ಕೋ. ಇದೇ ನಿನ್ನದು."

"ಓದ್ತೀನಿ. ಇಟ್ಕೊಳಲ್ಲ," ಎಂದಳು ಮಗಳು. ಅಮ್ಮನ ಪಕ್ಕ ನೆಲದಲ್ಲಿ ಕೂತು, ಅವರ ಕಿವಿಯ ಹತ್ತಿರ ಬಾಗಿ, ಹಾಳೆ ತಿರುಗಿಸಿದಳು.

"ಅಮ್ಮಾ, ಕೇಳಿಸ್ಕೋ. ಮುಂದಿನ ಎರಡು ಕಾಲು ಆ ದಡಕ್ಕೆ ತಾಗಿತು. ಹಿಂದಿನ ಕಾಲು ಜಾರ್ತಿದೆ. ಹುಡುಗಿ ಕುತ್ತಿಗೆ ದಾಟಿ ಮುಂದಕ್ಕೆ ಹಾರಿದಳು, ಲಗಾಮು ಹಿಡಿದು ಎಳೀತಿದ್ದಾಳೆ... ಎಳೀತಿದ್ದಾಳೆ... ಬಂತಮ್ಮಾ! ಬಂತು! ಕುದುರೆ ಮೇಲೆ ಬಂತು!"

"ಶಭಾಷ್!" ಎಂದು ತಾತ ಕೋಲನ್ನು ನೆಲಕ್ಕೆ ಕುಟ್ಟಿದ. ಸಾವಿನ ಮನೆಯೆಂಬುದನ್ನು ಮರೆತು ಯಾರೋ ಚಪ್ಪಾಳೆ ಹೊಡೆದರು. ತಮ್ಮ ಗೋಡೆ ಕಡೆ ತಿರುಗಿ ಬಿಕ್ಕಿದ. ಕೊನೆಯ ಪುಟದಲ್ಲಿ ಹುಡುಗಿ ಬೆಟ್ಟದಾಚೆಯ ಮನೆಯ ಬಾಗಿಲು ತಟ್ಟಿ, ತಡವಾಯಿತೆಂದು ಹೇಳಿ ಕಾಗದ ಕೊಡುತ್ತಾಳೆ. ಅದನ್ನು ಓದುವಾಗ ಮಗಳ ದನಿ ಒಡೆಯಿತು. ಆದರೂ ಒಂದಕ್ಷರ ಬಿಡದೆ ಓದಿದಳು.

ಓದಿ ಮುಗಿಸಿದವಳು ಎದ್ದು ಅಮ್ಮನ ಮೇಜಿನ ಸೆಳೆಖಾನೆ ತೆಗೆದಳು. ಅಳತೆಗೆ ಕತ್ತರಿಸಿಟ್ಟ ಬಿಳಿ ಹಾಳೆಗಳಿದ್ದವು.

"ಆರು ಪುಟ. ಯಾರ್‍ಯಾರು ಬರೀತೀರಿ?"

"ಅಕ್ಕ, ಝೆರಾಕ್ಸ್ ಮಾಡಿಸಿಬಿಡೋಣ. ಐದೇ ನಿಮಿಷ," ಎಂದ ತಮ್ಮ. ಎಲ್ಲರೂ ಅವನನ್ನು ನೋಡಿದರು. "ಸರಿ, ಸರಿ. ಕೊಡಿ ಪೆನ್ಸಿಲ್ಲು."

"ನನ್ನ ಪುಟಗಳನ್ನೇ ಕಿತ್ತು ಹಾಕಿ, ಪರವಾಗಿಲ್ಲ," ಎಂದರು ಗಾಜಿನಂಗಡಿಯವರು.

"ಒಂದು ಪುಸ್ತಕ ಕೆಡಿಸಿ ಇನ್ನೊಂದು ಸರಿ ಮಾಡೋದಾ? ಅಮ್ಮ ಎದ್ದು ಬಂದು ಕಿವಿ ಹಿಂಡ್ತಾಳೆ. ಕೂತ್ಕೊಳ್ಳಿ, ನಿಮಗೆ ಮೊದಲನೇ ಪುಟ. ಕುದುರೆ ನಿಮ್ಮದೇ."

ಕಾಮಿಕ್ಸಿನವಳು ಪುಟಗಳ ಫೋಟೋ ತೆಗೆದು ಎಲ್ಲರ ಫೋನಿಗೂ ಕಳಿಸಿದಳು. ಫೋನಿಲ್ಲದ ತಾತನಿಗೆ ಮೂಲವೇ ಸಿಕ್ಕಿತು. ಐವರು ಮೆಟ್ಟಿಲ ಮೇಲೂ ನೆಲದಲ್ಲೂ ಬಗ್ಗಿ ಕೂತರು. ಮೂರೂವರೆಗೇ ಬಂದ ಗಾಡಿಯ ಡ್ರೈವರು, "ಇನ್ನೊಂದು ಮನೆಗೆ ಹೋಗ್ಬೇಕು, ಲೇಟಾಗುತ್ತೆ ಸಾರ್" ಎನ್ನುತ್ತಾ ಒಳಗಿಣುಕಿದ. ಆರನೆಯ ಹಾಳೆ ಅವನ ಕೈಗೆ ಬಂತು. ಏನೆಂದು ತಿಳಿದ ಮೇಲೆ ಅವನು ಚಪ್ಪಲಿ ಬಿಟ್ಟು ಬಂದು ಎಲ್ಲರಿಗಿಂತ ಚೆನ್ನಾಗಿ ಬೆಟ್ಟ ಬರೆದ.

"ಬಲು ಕಷ್ಟ ಕಣಮ್ಮ ಈ ಕುದುರೆ," ಎಂದು ಗಾಜಿನಂಗಡಿಯವರು ನಾಲ್ಕನೆಯ ಸಲ ಅಳಿಸಿದರು. ತಾತ ಕತ್ತು ಚಾಚಿ ನೋಡಿ, "ನಾಯಿ!" ಎಂದ. ಮುದುಕರು ಮೊದಲು ನಕ್ಕರು, ಆಮೇಲೆ ಕೋಟಿನ ತೋಳಿನಲ್ಲಿ ಕಣ್ಣೊರೆಸಿಕೊಂಡರು.

ಮಗಳು ಆರೂ ಹಾಳೆಗಳನ್ನು ಮೂಲದ ಪಕ್ಕ ಇಟ್ಟು, ಬೆರಳಿಟ್ಟು ಸಾಲುಸಾಲು ನೋಡಿದಳು. ತಮ್ಮ ಬಿಟ್ಟಿದ್ದ ಒಂದು ಪದ ಸೇರಿಸಿದಳು. ಪ್ರತಿ ಹಾಳೆಯ ಕೆಳಗೂ 'ಮೂಲಕ್ಕೆ ತಾಳೆ ನೋಡಿದೆ' ಎಂದು ಬರೆದು ರುಜು ಹಾಕಿದಳು. ಅಮ್ಮನ ಬಾಟಲಿಯ ಗೋಂದು ಹಚ್ಚಿ ಅಂಟಿಸಿದ್ದು ಗಾಜಿನಂಗಡಿಯವರು.

ನಾಲ್ಕೂ ಹತ್ತಕ್ಕೆ ಗಾಡಿ ಹೊರಟಿತು. ಕಾಮಿಕ್ಸಿನವಳ ಸ್ಕೂಟರು ಮುಂದೆ, ಅದರ ಹಿಂದಿನ ಸೀಟಿನಲ್ಲಿ ಅಂಟಿದ ಬೆರಳುಗಳನ್ನು ಬಿಡಿಸಿಕೊಳ್ಳುತ್ತಾ ಗಾಜಿನಂಗಡಿಯವರು. ದಾರಿಯುದ್ದಕ್ಕೂ ಪುಸ್ತಕದಂಗಡಿಯವರು ಹೊರಗೆ ಬಂದು ನಿಂತಿದ್ದರು. ಗೋಂದು ಇನ್ನೂ ಹಸಿಯಾಗಿತ್ತು, ಪುಸ್ತಕ ಮುಚ್ಚುವ ಹಾಗಿರಲಿಲ್ಲ. ಅಮ್ಮನ ಪಕ್ಕ ಕೂತ ಮಗಳು ಅದನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು, ನಾಯಿಯ ಮುಖದ ಆ ಕುದುರೆ ಎರಡು ಕಾಲೂರಿದ ದಡದ ಮೇಲೆ ಮೆಲ್ಲಗೆ ಊದುತ್ತಿದ್ದಳು.