ನಮ್ಮನೇಲಿ ಓದೋರು ಯಾರೂ ಇಲ್ಲ

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮನೇಲಿ ಒಂದು ಆಟ ನಡೀತಿತ್ತು. ಶುರು ಮಾಡಿದ್ದು ನನ್ನ ಹೆಂಡತಿ. ಹಾಡೋರು, ಬರೆಯೋರು, ಚಿತ್ರ ಬಿಡಿಸೋರು, ದೊಡ್ಡ ತಲೆಯೋರು, ಸತ್ತಿರಲಿ ಬದುಕಿರಲಿ, ಒಬ್ಬರನ್ನ ಇವತ್ತು ಊಟಕ್ಕೆ ಕರೀಬಹುದು ಅಂದ್ರೆ ಯಾರನ್ನ ಕರೀತೀರಿ? ಅವಳ ಉತ್ತರ ವಾರಕ್ಕೊಂದು. ಒಂದು ವಾರ ಯಾರೋ ನರ್ತಕಿ, ಇನ್ನೊಂದು ವಾರ ಕಲ್ಲು ಕೆತ್ತೋನು, ಮತ್ತೊಂದು ವಾರ ಬಟ್ಟೆ ಒಗೆಯೋ ಮೆಷಿನ್ ಕಂಡುಹಿಡಿದೋನು. "ಆ ಪುಣ್ಯಾತ್ಮನ ಕಾಲಿಗೆ ಬೀಳಬೇಕು ರೀ" ಅಂತಿದ್ದಳು. ನಂದು ಪ್ರತಿಸಲವೂ ಒಂದೇ ಮಾತು: "ಯಾರನ್ನಾದ್ರೂ ಕರೀರಿ, ತಟ್ಟೆ ತೊಳೆಯೋರು ಯಾರು ಅನ್ನೋದನ್ನ ಮೊದಲು ಇತ್ಯರ್ಥ ಮಾಡಿ."

ನಮ್ಮ ಜೊತೆಗೇ ಇರೋ ನನ್ನ ಅಕ್ಕನ ಉತ್ತರವೂ ಒಂದೇ. ಒಬ್ಬ ಬರಹಗಾರರು. ಮೂರೇ ಮೂರು ತೆಳ್ಳನೆ ಪುಸ್ತಕ ಬರೆದು ಸುಮ್ಮನಾದವರು. ಕಾಯೋದು, ಸಾಲಲ್ಲಿ ನಿಲ್ಲೋದು, ಖಾಲಿ ಕುರ್ಚಿ, ಇಂಥದ್ದರ ಮೇಲೆಲ್ಲ ಯೋಚನೆ ಮಾಡಿ ಬರೆದವರು. ಪುಸ್ತಕದಲ್ಲಿ ಫೋಟೋ ಇಲ್ಲ, ವಿಳಾಸ ಇಲ್ಲ. ಅಕ್ಕ ಅವರನ್ನ "ನಮ್ಮೋರು" ಅಂತಲೇ ಕರೀತಿದ್ದಳು. "ನಮ್ಮೋರು ಏನ್ ಹೇಳ್ತಾರೆ ಗೊತ್ತಾ?" ಅಂತ ಶುರು ಮಾಡಿದರೆ ನನ್ನ ಹೆಂಡತಿ, "ಅತ್ತಿಗೆ, ಮದುವೆಯಾಗಿರೋ ನಾನೇ ಇವರನ್ನ ಇಷ್ಟು ಪ್ರೀತಿಯಿಂದ ನಮ್ಮೋರು ಅನ್ನಲ್ಲ" ಅಂತ ರೇಗಿಸೋಳು. ಅಕ್ಕ ಮದುವೆಯಾಗಲಿಲ್ಲ. ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಮಡಿಸಿ ಜೋಡಿಸೋ ಕೆಲಸ. ಮಡಿಸಿಟ್ಟ ಹೊದಿಕೆಗಳ ಕೆಳಗೆ ಯಾವಾಗಲೂ ಒಂದು ಪುಸ್ತಕ ಇರ್ತಿತ್ತು.

ನಂದು ಕನ್ನಡಕದ ಅಂಗಡಿ. ಅಕ್ಕನ ಆಸ್ಪತ್ರೆಯಿಂದ ಎರಡೇ ಬಸ್ ಸ್ಟಾಪು. ಒಂದು ಮಾತು ಈಗಲೇ ಹೇಳಿಬಿಡ್ತೀನಿ. ಊರಿಗೆಲ್ಲ ಓದೋ ಕನ್ನಡಕ ಮಾಡಿಕೊಡೋ ನನಗೆ ಓದೋಕೆ ಬರೋದು ಅಷ್ಟಕ್ಕಷ್ಟೆ. ಚಿಕ್ಕಂದಿನಿಂದಲೂ ಅಕ್ಷರ ಕಂಡ್ರೆ ಇರುವೆ ಹರಿದ ಹಾಗೆ. ಕಣ್ಣು ಸರಿಯಿದೆ, ತಲೆಯಲ್ಲೇ ಏನೋ ತೊಡಕು. ಡಿಪ್ಲೊಮಾ ಪುಸ್ತಕಗಳನ್ನೆಲ್ಲ ಅಕ್ಕ ಗಟ್ಟಿಯಾಗಿ ಓದೋಳು, ನಾನು ಕೇಳಿ ಬಾಯಿಪಾಠ ಮಾಡಿಕೊಳ್ಳೋನು. ಓದಿದ್ದು ಅವಳು, ಪಾಸಾದದ್ದು ನಾನು. ಇಂಥ ಉಪಕಾರ ಮಾಡಿದವರ ಮೇಲೆ ಎಷ್ಟು ಪ್ರೀತಿ ಇರುತ್ತೋ ಅಷ್ಟೇ ಹೊಟ್ಟೆಯುರಿಯೂ ಇರುತ್ತೆ. ಬೇರೆಯವರ ಕಥೆ ಗೊತ್ತಿಲ್ಲ, ನನಗಂತೂ ಇತ್ತು.

ಏಳು ವರ್ಷದ ಹಿಂದೆ ಒಬ್ಬ ವಯಸ್ಸಾದವರು ಅಂಗಡಿಗೆ ಬಂದರು. ಕನ್ನಡಕ ಜಾರುತ್ತೆ ಅನ್ನೋದು ದೂರು. ನೋಡಿದೆ, ಎಡಗಿವಿ ಬಲಗಿವಿಗಿಂತ ಒಂದು ಕಾಳಿನಷ್ಟು ಮೇಲಿತ್ತು. ಕಡ್ಡಿಯನ್ನ ಬಿಸಿಗಾಳಿಗೆ ಹಿಡಿದು ಬಗ್ಗಿಸಿ ಕೂರಿಸಿದೆ. ಕಣ್ಣೂ ಪರೀಕ್ಷೆ ಮಾಡಿ ಅಂದರು. ಚೀಟಿಗೆ ಬರೆಯೋಕೆ ಹೆಸರು ಕೇಳಿದೆ. ಹೇಳಿದರು. ನನ್ನ ಪೆನ್ನು ಅಲ್ಲೇ ನಿಂತುಬಿಡ್ತು. ನಮ್ಮನೇಲಿ ನಲ್ಲಿ, ನೀರು ಅನ್ನೋ ಹಾಗೆ ದಿನಾ ಓಡಾಡೋ ಹೆಸರು ಅದು. "ಪುಸ್ತಕ ಬರೆಯೋರಾ ಸಾರ್?" ಅಂದೆ. "ಬರೀತಿದ್ದೆ. ನಿಮಗೆ ಹೇಗೆ ಗೊತ್ತು?" ಅಂದರು. "ಎಲ್ಲೋ ಕೇಳಿದ್ದೆ ಸಾರ್."

ನಾನು ಅಕ್ಕನಿಗೆ ಹೇಳಬೇಕು ಅಂತಲೇ ಮನೆಗೆ ಹೋದೆ. ದೇವರಾಣೆ. ಬಸ್ಸಲ್ಲಿ ಮಾತು ಜೋಡಿಸಿಕೊಂಡೇ ಹೋಗಿದ್ದೆ. ಅವಳು ಆಗತಾನೆ ಕೆಲಸದಿಂದ ಬಂದು ಕಾಲು ಚಾಚಿ ಕೂತು ನನ್ನ ಹೆಂಡತಿಗೆ ಏನೋ ಓದಿ ವಿವರಿಸುತ್ತಿದ್ದಳು. "ಏನದು?" ಅಂದೆ. ತಲೆ ಎತ್ತದೆ, "ಬಿಡೋ, ನಿನಗೆ ಅರ್ಥ ಆಗಲ್ಲ" ಅಂದಳು. ಅಷ್ಟೇ. ಬೈದದ್ದೂ ಅಲ್ಲ, ಹಂಗಿಸಿದ್ದೂ ಅಲ್ಲ. ನನಗೆ ಮಾತ್ರ ಕೆಂಡ ತುಳಿದ ಹಾಗಾಯ್ತು. ಓಹೋ, ಹಾಗೋ? ಅರ್ಥ ಆಗದೋನ ಅಂಗಡಿಗೆ ಯಾರು ಬಂದಿದ್ದರು ಅಂತ ನಿನಗೂ ಗೊತ್ತಾಗೋದು ಬೇಡ ಅಂದುಕೊಂಡು ಕೈಕಾಲು ತೊಳೆಯೋಕೆ ಹೋದೆ.

ನಾಳೆ ಹೇಳೋಣ ಅಂದೆ, ನಾಳೆ ಹೇಳಲಿಲ್ಲ. ಮೂರು ತಿಂಗಳಿಗೆ ಅವರು ಮತ್ತೆ ಬಂದರು. ಈಗ ಹೇಳಿದರೆ "ಮೊದಲನೇ ಸಲವೇ ಯಾಕೆ ಹೇಳಲಿಲ್ಲ?" ಅಂತ ಕೇಳ್ತಾಳೆ. ಹೀಗೇ ದಿನ ಹೋಯ್ತು. ಹೋಗ್ತಾ ಹೋಗ್ತಾ, ಹೇಳೋಕೆ ಹೆದರಿಕೆ ಅನ್ನೋದು ಹೋಗಿ, ಹೇಳೋಕೆ ಮನಸ್ಸೇ ಇಲ್ಲ ಅನ್ನೋ ಹಾಗಾಯ್ತು. ಯಾಕಂದ್ರೆ ಅವರು ನನ್ನ ಜೊತೆ ಹರಟೆ ಹೊಡೀತಿದ್ದರು. ಗಾಜು ಹೇಗೆ ಕೊಯ್ತೀರಿ, ಅಂಚು ಹೇಗೆ ತಿಕ್ತೀರಿ, ಒಡೆದರೆ ಯಾರ ಮೇಲೆ ಸಿಟ್ಟು ಮಾಡ್ತೀರಿ, ಎಲ್ಲ ಕೇಳೋರು. ನಾನು ಹೇಳಿದ್ದನ್ನ ಆ ಮನುಷ್ಯ ಬಾಯಿ ಬಿಟ್ಟುಕೊಂಡು ಕೇಳೋರು. ಅಕ್ಕ ಬಂದು ಅವರ ಕುರ್ಚಿ ಪಕ್ಕ ನಿಂತಳು ಅಂದ್ರೆ ಮುಗೀತು, ಅವರಿಬ್ಬರೂ ಮಾತಾಡೋರು, ನಾನು ಫ್ರೇಮು ಒರೆಸೋನು. ಅದಕ್ಕೇ ಅಕ್ಕನ ಕಣ್ಣು ಪರೀಕ್ಷೆಯನ್ನೂ ಮನೇಲೇ ಮಾಡ್ತಿದ್ದೆ. "ನೀನು ದಣಿದು ಯಾಕೆ ಬರ್ತೀಯ, ನಾನೇ ಗಾಜಿನ ಪೆಟ್ಟಿಗೆ ತರ್ತೀನಿ" ಅಂತಿದ್ದೆ. "ನನ್ನ ತಮ್ಮ ಬಂಗಾರ" ಅಂತ ಅವಳು ಪಕ್ಕದ ಮನೆಯವರ ಹತ್ತಿರ ಹೇಳಿಕೊಂಡಳು.

ಒಂದು ದಿನ ಅವರೇ ಕೇಳಿದರು. "ನನ್ನ ಮೂರನೇ ಪುಸ್ತಕ ಕೊನೇತನಕ ಓದಿದೋರು ಇಬ್ಬರೇ ಇರಬೇಕು ಕಣ್ರೀ. ಒಬ್ಬ ನಾನು, ಇನ್ನೊಬ್ಬ ಪ್ರೆಸ್ಸಲ್ಲಿ ಅಚ್ಚು ತಿದ್ದಿದೋನು. ಅವನು ಪಾಪ ಸಂಬಳಕ್ಕೆ ಓದಿದ. ಮೊದಲು ಕಾಗದಗಳಾದರೂ ಬರ್ತಿದ್ದವು. ನಿಮ್ಮನೇಲಿ ಯಾರಾದ್ರೂ ಓದ್ತಾರಾ?"

ಆ ಪುಸ್ತಕವನ್ನ ಅಕ್ಕ ಒಂಬತ್ತು ಸಲ ಓದಿದ್ದಳು. ರಟ್ಟು ಕಿತ್ತುಬಂದು ಆಸ್ಪತ್ರೆಯ ಅಂಟುಪಟ್ಟಿಯಲ್ಲಿ ಅಂಟಿಸಿಕೊಂಡಿದ್ದಳು.

"ಇಲ್ಲ ಸಾರ್," ಅಂದೆ. "ನಮ್ಮನೇಲಿ ಓದೋರು ಯಾರೂ ಇಲ್ಲ."

"ಬದುಕಿಕೊಂಡ್ರಿ ಬಿಡಿ" ಅಂತ ನಕ್ಕರು. ಆ ನಗು ಬಹಳ ಹೊತ್ತು ಉಳೀಲಿಲ್ಲ.

ಹತ್ತಿರದ ನೋಟ ಪರೀಕ್ಷೆಗೆ ನಮ್ಮಲ್ಲಿ ಒಂದು ಕಾರ್ಡ್ ಇರುತ್ತೆ. ಮೇಲಿನ ಸಾಲು ದಪ್ಪ ಅಕ್ಷರ, ಇಳೀತಾ ಇಳೀತಾ ಸಣ್ಣ. ನನ್ನ ಕಾರ್ಡಲ್ಲಿ 'ತೋಟದಲ್ಲಿ ಹೂವು ಅರಳಿದೆ' ಅಂತ ಶುರುವಾಗ್ತಿತ್ತು. "ಹತ್ತು ಸಲ ಬಂದೆ, ಆ ಹೂವು ಇನ್ನೂ ಬಾಡಲಿಲ್ಲವಲ್ರೀ" ಅಂತ ಅವರು ಗೊಣಗೋರು. ಆಮೇಲೊಂದು ಸಲ ಬಂದಾಗ ತಾವೇ ಐದು ಸಾಲು ಬರೆದು ತಂದುಕೊಟ್ಟರು. ನಾನು ಪ್ರೆಸ್ಸಿಗೆ ಕೊಟ್ಟು, ಅಳತೆಗೆ ಸರಿಯಾಗಿ ಅಚ್ಚು ಹಾಕಿಸಿ, ಪ್ಲಾಸ್ಟಿಕ್ ಹೊದಿಸಿದೆ. ಹಳೇ ಹೂವಿನ ಕಾರ್ಡು ಮನೆಗೆ ಒಯ್ಯೋ ಪೆಟ್ಟಿಗೆ ಸೇರಿತು. ಹೊಸ ಕಾರ್ಡನ್ನ ದಿನಕ್ಕೆ ಹತ್ತು ಜನ ಓದೋರು. ಕೊನೇ ಸಾಲು ತೀರಾ ಸಣ್ಣದು. ಅದನ್ನೂ ಓದಿದವರು, "ಕಾಣುತ್ತೆ, ಸಾಕು" ಅಂತ ಕಾರ್ಡು ಮೇಜಿನ ಮೇಲಿಡೋರು. ಏನು ಓದಿದೆ ಅಂತ ಒಬ್ಬರೂ ಯೋಚನೆ ಮಾಡಿದವರಲ್ಲ. ಅದರಲ್ಲಿದ್ದದ್ದು ಇಷ್ಟು: 'ಇಷ್ಟು ದೂರ ಓದಿಕೊಂಡು ಬಂದವರು ಯಾರಾದರೂ ಇದ್ದರೆ, ಅವರನ್ನು ಒಂದು ಸಲ ನೋಡಬೇಕು.'

ಹೋದ ತಿಂಗಳು ಅವರು ತೀರಿಕೊಂಡರು. ಪೇಪರಿನ ಒಳಪುಟದಲ್ಲಿ ಅಂಗೈಯಷ್ಟು ಸುದ್ದಿ, ಒಂದು ಫೋಟೋ. ಅಕ್ಕ ಅವರ ಮುಖ ನೋಡಿದ್ದು ಅದೇ ಮೊದಲು. ಅವತ್ತು ಕೆಲಸಕ್ಕೆ ಹೋಗಲಿಲ್ಲ. ಸುದ್ದಿ ಕತ್ತರಿಸಿ, ಕೈ ಉದ್ದಕ್ಕೆ ಚಾಚಿ ಹಿಡಿದು ನೋಡ್ತಾ ಕೂತಳು. "ಇದೇ ಊರಲ್ಲಿದ್ದರಂತೆ ಕಣೋ. ಮಾತಾಡೋದೇನೂ ಬೇಡ, ಒಂದ್ಸಲ ನೋಡಿದ್ದರೆ ಸಾಕಿತ್ತು." ಆಮೇಲೆ ಫೋಟೋ ನನ್ನ ಕಡೆ ತಿರುಗಿಸಿ, "ಕನ್ನಡಕ ಓರೆ ಕೂತಿದೆ ನೋಡು. ಮಾಡಿದೋನು ಯಾರೋ ಕೈಲಾಗದೋನು" ಅಂದಳು. ಓರೆ ಅಲ್ಲ ಅಕ್ಕ, ಎಡಗಿವಿ ಮೇಲಿದೆ ಅಂತ ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ.

ಅವಳು ಹಾಗೆ ಕೈಚಾಚಿ ಓದೋದನ್ನ ನನ್ನ ಹೆಂಡತಿ ನೋಡಿದಳು. "ತಮ್ಮ ಊರಿಗೆಲ್ಲ ಕನ್ನಡಕ ಮಾಡ್ತಾರೆ, ಅಕ್ಕ ಹೀಗೆ ಓದ್ತಾರೆ. ದೀಪದ ಬುಡದಲ್ಲೇ ಕತ್ತಲು. ಅತ್ತಿಗೆ, ಇವರು ಪೆಟ್ಟಿಗೆ ತರೋತನಕ ಕಾಯಬೇಡಿ, ನೀವೇ ಅಂಗಡಿಗೆ ಹೋಗಿ" ಅಂದಳಂತೆ. ನನಗೇನೂ ಗೊತ್ತಿಲ್ಲ. ಮಾರನೇ ದಿನ ಮಧ್ಯಾಹ್ನ ಬಾಗಿಲು ತಳ್ಳಿಕೊಂಡು ಅಕ್ಕ ಒಳಗೆ ಬಂದಳು.

ಬಂದವಳೇ ಅವರು ಕೂರುತ್ತಿದ್ದ ಕುರ್ಚಿಯಲ್ಲೇ ಕೂತಳು. ಇರೋದೇ ಅದೊಂದು ಕುರ್ಚಿ. ಪರೀಕ್ಷೆಯ ಫ್ರೇಮು ಹಾಕಿದೆ, ಗಾಜು ಸಿಕ್ಕಿಸಿದೆ, ಕಾರ್ಡು ಕೈಗೆ ಕೊಟ್ಟೆ. ಕೊಟ್ಟಮೇಲೆ ಹೊಳೀತು, ಅದು ಅವರು ಬರೆದ ಕಾರ್ಡು. ಹದಿನೆಂಟು ವರ್ಷದಿಂದ ಗಾಜು ಸಿಕ್ಕಿಸಿದ ಕೈ ಕಾರ್ಡು ಕೊಡುತ್ತೆ. ತಲೆಯನ್ನ ಕೇಳೋದಿಲ್ಲ.

"ಕಾಯುವವನಿಗೆ ಬಾಗಿಲೂ ಒಂದು ಮುಖ" ಅಂತ ಅಕ್ಕ ಗಟ್ಟಿಯಾಗಿ ಓದಿದಳು. "ಬರುವವರು ಬೇರೆಯವರೇ ಆದರೂ ಅವನು ಎದ್ದು ನಿಲ್ಲುತ್ತಾನೆ." ಅಲ್ಲಿಗೆ ದನಿ ಇಳೀತು. ಮೂರನೆಯದನ್ನ ತುಟಿಯಲ್ಲೇ ಓದಿಕೊಂಡಳು. ತಲೆ ಎತ್ತಿ ನನ್ನ ನೋಡಿದಳು.

"ಇದು ಯಾರು ಬರೆದದ್ದು?"

"ಪ್ರೆಸ್ಸಿನೋರು ಏನೋ ಹಾಕಿರ್ತಾರೆ ಅಕ್ಕ."

"ಪ್ರೆಸ್ಸಿನೋರು ಹೀಗೆ ಬರೆಯಲ್ಲ." ನಾಲ್ಕನೇ ಸಾಲೂ ಓದಿದಳು. "ಕೊನೇದು ಕಾಣ್ತಿಲ್ಲ. ಬೇರೆ ಗಾಜು ಹಾಕು."

"ಅಷ್ಟು ಸಣ್ಣದು ಯಾರಿಗೂ ಬೇಕಾಗಲ್ಲ. ನಿನ್ನ ನಂಬರ್ ಸಿಕ್ಕಿತು, ಬಿಡು."

"ನನಗೆ ಬೇಕು."

ಸುಳ್ಳು ಹೇಳಬಹುದಿತ್ತು. ತಪ್ಪು ಗಾಜು ಸಿಕ್ಕಿಸಿ, ನಿನ್ನ ವಯಸ್ಸಿಗೆ ಇಷ್ಟೇ ಅನ್ನಬಹುದಿತ್ತು. ಪೆಟ್ಟಿಗೆಯ ಮುಂದೆ ನಿಂತು ಅದನ್ನೂ ಯೋಚಿಸಿದೆ, ಥೂ ನನ್ನ ಜನ್ಮಕ್ಕೆ. ಆದರೆ ನನಗೆ ಕಣ್ಣಿನ ಪಾಠ ಓದಿ ಹೇಳಿದ ಕಣ್ಣುಗಳು ಅವು. ಕಾಲು ನಂಬರ್ ಜಾಸ್ತಿ ಇರೋ ಗಾಜು ತೆಗೆದೆ. ಒರೆಸಿ ಸಿಕ್ಕಿಸಿದೆ.

ಅಕ್ಕ ಓದಿದಳು. ಕಾರ್ಡನ್ನ ಮೇಜಿನ ಮೇಲಿಡಲಿಲ್ಲ. ಇನ್ನೊಂದು ಸಲ ಓದಿದಳು.

"ಇಲ್ಲಿಗೆ ಬರ್ತಿದ್ದರಾ?"

"ಹೂಂ."

"ಎಷ್ಟು ದಿನದಿಂದ?"

"ಏಳು ವರ್ಷ. ನೀನು ಕೂತಿರೋ ಕುರ್ಚಿಯಲ್ಲೇ ಕೂರ್ತಿದ್ದರು." ಒಮ್ಮೆ ಬಾಯಿ ಬಿಟ್ಟಮೇಲೆ ತಡೆಯೋಕೆ ಆಗಲಿಲ್ಲ. "ಮನೇಲಿ ಯಾರಾದ್ರೂ ಓದ್ತಾರಾ ಅಂತ ಕೇಳಿದ್ದರು ಅಕ್ಕ. ಯಾರೂ ಇಲ್ಲ ಅಂದುಬಿಟ್ಟೆ. ನೀನು ಬಂದರೆ ನನ್ನ ಜೊತೆ ಮಾತಾಡಲ್ಲ ಅಂತ ಹೊಟ್ಟೆಕಿಚ್ಚು. ತಪ್ಪಾಯ್ತು. ಬೈದುಬಿಡು, ಎರಡು ಏಟು ಹಾಕು."

ಅವಳು ಬೈಯಲಿಲ್ಲ. ಪರೀಕ್ಷೆಯ ಫ್ರೇಮನ್ನ ತಾನೇ ಬಿಚ್ಚಿ, ಗಾಜಿಗೆ ಬೆರಳು ತಾಗದ ಹಾಗೆ ಮೇಜಿನ ಮೇಲಿಟ್ಟಳು. ಕಣ್ಣಲ್ಲಿ ನೀರು ನಿಂತಿತ್ತು, ಒರೆಸಿಕೊಳ್ಳಲಿಲ್ಲ.

"ನನಗೆ ಮಾಡಿದ್ದನ್ನ ನಾನು ನುಂಗ್ಕೋತೀನಿ. ಅಕ್ಕ ಅಲ್ವಾ, ಎಷ್ಟೋ ನುಂಗಿದೀನಿ. ಅವರಿಗೆ ಯಾಕೋ ಹಾಗೆ ಮಾಡ್ದೆ?"

ಏಳು ವರ್ಷದಲ್ಲಿ ಈ ಪ್ರಶ್ನೆ ನನ್ನ ತಲೆಗೇ ಬಂದಿರಲಿಲ್ಲ. ಅಕ್ಕನಿಂದ ಅವರನ್ನ ಬಚ್ಚಿಟ್ಟೆ ಅಂತ ಕೊರಗಿದ್ದೆ. ಅವರಿಂದ ಅಕ್ಕನನ್ನ ಬಚ್ಚಿಟ್ಟದ್ದು ಹೊಳೆದೇ ಇರಲಿಲ್ಲ. ಯಾರೂ ಓದಲಿಲ್ಲ ಅಂದುಕೊಂಡೇ ಆ ಮನುಷ್ಯ ಹೋದರು. ಅವರನ್ನ ಒಂಬತ್ತು ಸಲ ಓದಿದವಳು ಎರಡು ಸ್ಟಾಪ್ ಆಚೆ ಹೊದಿಕೆ ಮಡಿಸ್ತಾ ನಿಂತಿದ್ದಳು. ಅಕ್ಕ ಚೀಲ ತಗೊಂಡು, "ನಂಬರ್ ಬರೆದಿಟ್ಕೋ, ಮರೀತೀಯ" ಅಂತ ಹೇಳಿ ಹೋದಳು.

ಕನ್ನಡಕ ಮಾಡಿ ಮನೆಗೆ ತಂದೆ. ಹಾಕಿಕೊಂಡಳು. ನನ್ನ ಹೆಂಡತಿಗೆ ಅವಳು ಒಂದು ಮಾತೂ ಹೇಳಿರಲಿಲ್ಲ. ಹೇಳಿ ನನ್ನ ಮಾನ ತೆಗೆದಿದ್ದರೆ ಹಗುರಾಗ್ತಿದ್ದೆನೇನೋ. ಏನೂ ಗೊತ್ತಿಲ್ಲದ ನನ್ನ ಹೆಂಡತಿ ಭಾನುವಾರ ಊಟಕ್ಕೆ ಬಡಿಸ್ತಾ, "ಅತ್ತಿಗೆ, ಹೋದವರು ಹೋದರು. ಆಟದಲ್ಲಿ ಸತ್ತೋರನ್ನೂ ಕರೀಬಹುದು. ನಿಮ್ಮೋರನ್ನೇ ಕರೀತೀರಾ?" ಅಂದಳು.

"ನನ್ನದು ಇರಲಿ," ಅಂದಳು ಅಕ್ಕ. ತಟ್ಟೆಯನ್ನೇ ನೋಡ್ತಾ ಕೇಳಿದಳು, "ಅವನು ಹೇಳಲಿ. ಇಷ್ಟು ವರ್ಷದಲ್ಲಿ ಅವನು ಒಂದ್ಸಲವೂ ಹೇಳಿಲ್ಲ. ನೀನು ಯಾರನ್ನೋ ಕರೀತೀಯ?"

ತಟ್ಟೆ ತೊಳೆಯೋ ಮಾತು ಬಾಯಿಗೆ ಬರಲಿಲ್ಲ. "ಅವರನ್ನೇ" ಅಂದೆ.

"ನೀವಾ? ಕರೆದು?" ಅಂತ ಹೆಂಡತಿ ನಕ್ಕಳು. "ಏನ್ ಮಾತಾಡ್ತೀರಿ ಅವರ ಜೊತೆ?"

"ನಮ್ಮನೇಲಿ ಒಬ್ಬಳಿದಾಳೆ ಸಾರ್ ಅಂತೀನಿ. ಎಲ್ಲಾನೂ ಓದಿದಾಳೆ, ಕೊನೇತನಕ ಓದಿದಾಳೆ ಅಂತೀನಿ."

ಅಕ್ಕ ನೀರಿನ ಲೋಟ ನನ್ನ ಕಡೆಗೆ ಸರಿಸಿ, "ಊಟ ಆರಿಹೋಗ್ತಿದೆ, ತಿನ್ನು" ಅಂದಳು.