ಸೊಂಟದ ಕಷಾಯ

ಕಕ್ಕಸಿನ ಚಿಲಕ ಅಲುಗಾಡುತ್ತಿದೆ, ಹೊರಗೆ ಪ್ರಸೋಜೊ, ಮತ್ತೆ ಒಳಗೆ ಹೋದೆಯಾ, ಏನು ತಿಂದೆ ಅಂತ ಕೇಳುತ್ತಾನೆ, ಕಟ್ಟಿಕೊಂಡವನಿಗೆ ನನ್ನ ಬಗ್ಗೆ ಉಳಿದಿರುವ ಪ್ರಶ್ನೆ ಇದೊಂದೇ — ಏನು ತಿನ್ನಲಿ ಮಹಾರಾಯ, ಮೆಣಸು ಬಿಟ್ಟೆ, ತೆಂಗಿನಹಾಲು ಬಿಟ್ಟೆ, ಕಾಫಿ ಬಿಟ್ಟೆ, ಸೋಯಾಕಾಳಿನ ತೆಂಪೆ ಬಿಟ್ಟೆ, ಹೆತ್ತು ಇಷ್ಟು ತಿಂಗಳಾದರೂ ಗಂಜಿಯೇ ಗತಿ, ಆದರೂ ಕರುಳು ಹಿಂಡುತ್ತದೆ, ಕೂತು ಕೂತು ಕಾಲು ಜೋಮು ಹಿಡಿದಿದೆ. ಕೊನೆಗೆ ಎಲ್ಲರ ಬೆರಳು ತಿರುಗಿದ್ದು ಅಮ್ಮನ ತೆರಾಸಿಯ ಕಡೆಗೆ. ಲಾಸೆಮ್‌ನ ಕಡಲ ದಂಡೆಯಲ್ಲಿ ಸೀಗಡಿಯನ್ನು ಬಿಸಿಲಿಗೆ ಹರವಿ, ಕುಟ್ಟಿ, ಹುಳಿ ಬರಿಸಿ, ಮತ್ತೆ ಕುಟ್ಟಿ ಅವಳು ಕಟ್ಟುವ ಆ ಕಪ್ಪು ಉಂಡೆ, ಬಾಣಂತಿಗೆ ಬಾಯಿ ಕೆಟ್ಟಿರುತ್ತದೆ ಅಂತ ಬಾಳೆಎಲೆಯಲ್ಲಿ ಸುತ್ತಿ ಬಸ್ಸಿನವನ ಕೈಲಿ ಕಳಿಸಿದ್ದು. ಅತ್ತೆ ಮೂಗಿಗೆ ಬಟ್ಟೆ ಹಿಡಿದು, ಕರಾವಳಿಯವರ ಹೊಟ್ಟೆ ಬೇರೆ ಕಣಮ್ಮ, ನಮ್ಮ ಸೋಲೋ ಊರ ಕಡೆ ಇದು ನಡೆಯಲ್ಲ, ನಿಮ್ಮಮ್ಮನ ಕೈ ಅಷ್ಟು ಚೊಕ್ಕಟ ಇಲ್ಲವೇನೋ ಅಂದರು — ಎಷ್ಟು ಮೆತ್ತಗೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ.

ಬೆಳಿಗ್ಗೆ ಬೆಳಿಗ್ಗೆ ಅವರು ಕೊಡುವ ಜಾಮು ಕಷಾಯದ ಮೇಲೆ ಮಾತ್ರ ಯಾರ ಕಣ್ಣೂ ಬೀಳಲಿಲ್ಲ. ಔಷಧಿಯ ಮೇಲೆ ಯಾರಾದರೂ ಅನುಮಾನ ಪಡುತ್ತಾರೆಯೇ, ಅದೂ ಅತ್ತೆ ಕೈಯಾರೆ ಕುದಿಸಿದ್ದು, ಹಿರಿಯರು ಕೊಟ್ಟ ಲೋಟದ ತಳ ಕಾಣಿಸದೆ ಎದ್ದರೆ ಇಲ್ಲಿ ಅವರ ಮುಖಕ್ಕೆ ಉಗುಳಿದ ಹಾಗೆ, ತಲೆ ಬಗ್ಗಿಸು, ಹೂಂ ಅನ್ನು, ಕುಡಿ. ಮಗುವಿನ ಕಾಲನ್ನು ಮಣ್ಣಿಗೆ ಮುಟ್ಟಿಸುವ ಶಾಸ್ತ್ರ ಹತ್ತಿರ ಬಂತು, ಮದುವೆಯ ಕೆಬಾಯಾ ರವಿಕೆ ಮೈಗೆ ಏರಬೇಕಲ್ಲ, ನೆಂಟರ ಮುಂದೆ ಸೊಸೆಯ ಸೊಂಟ ಕಾಣಬೇಕಲ್ಲ. ಹೋದ ವಾರ ಅತ್ತೆ ಸೆಮಾರಾಂಗಿಗೆ ಮದುವೆಗೆ ಹೋದರು, ಕಷಾಯ ಇಲ್ಲ, ನಾನು ಹಟಕ್ಕೆ ಬಿದ್ದು ಮಿಕ್ಕಿದ್ದ ತೆರಾಸಿ ಸುಟ್ಟು, ಮೆಣಸು ಅರೆದು, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುವಂತೆ ತಿಂದೆ, ಮರುದಿನವೂ ತಿಂದೆ, ಹೊಟ್ಟೆ ಕಮಕ್ ಕಿಮಕ್ ಅನ್ನಲಿಲ್ಲ. ಅತ್ತೆ ಬಂದರು, ಲೋಟ ಬಂತು, ನಾನು ಮತ್ತೆ ಈ ಬಾಗಿಲ ಹಿಂದೆ. ಸೋಸಿ ಚೆಲ್ಲಿದ ಚರಟ ಕೆದಕಿ ನೋಡಿದರೆ ಸೋನಾಮುಖಿ ಎಲೆ, ಮಲ ಕಟ್ಟಿದ ಅಜ್ಜನಿಗೆ ಅಮ್ಮ ಚಿಟಿಕೆಯಷ್ಟು ಕೊಡುತ್ತಿದ್ದದ್ದು, ಇಲ್ಲಿ ಹಿಡಿಗಟ್ಟಲೆ. ಪಾಪ, ತಿಳಿಯದೆ ಹಾಕಿರಬಹುದು, ಸಣ್ಣಗಾಗುತ್ತಾಳೆ ಅಂತ ಅಂಗಡಿಯವನು ಹೇಳಿರಬಹುದು ಅಂತ ಅವರ ಪರ ವಕೀಲಿ ಮಾಡಿದವಳೂ ನಾನೇ.

ಈಗ ತಾನೇ ಅಮ್ಮನ ಫೋನು. ಶಾಸ್ತ್ರಕ್ಕೆ ನಾನು ಬರಲ್ಲ ಕಣೇ ಲಾಸ್ತ್ರಿ, ಬೇಜಾರು ಮಾಡ್ಕೋಬೇಡ, ನಿಮ್ಮತ್ತೆ ಹೇಳಿಕಳಿಸಿದಾರೆ, ನನ್ನ ಕೈಯಲ್ಲೇ ಏನೋ ಇದೆಯಂತೆ, ಮಗೂನ ಮುಟ್ಟೋದು ಬೇಡವಂತೆ. ಮುಟ್ಟುವುದು ಬೇಡವಂತೆ, ನನ್ನನ್ನು ಸಾಕಿದ ಕೈ, ಮೊಮ್ಮಗುವನ್ನು ಮುಟ್ಟುವುದು ಬೇಡವಂತೆ, ಮೈಯೆಲ್ಲ ಉರಿದುಹೋಯಿತು, ಹೊಟ್ಟೆಯ ಉರಿ ಅದರ ಮುಂದೆ ಏನೂ ಅಲ್ಲ.

ಚಿಲಕ ತೆಗೆದೆ. ಮೇಜಿನ ಮುಂದೆ ಅತ್ತೆ, ಪಕ್ಕದಲ್ಲಿ ಪ್ರಸೋಜೊ, ಲೋಟ ಹಬೆಯಾಡುತ್ತಿದೆ, ಕುಡಿ ತಾಯಿ, ಆರಿದರೆ ಕಹಿ ಅನ್ನುತ್ತಾರೆ. ತಲೆ ಬಗ್ಗಿಸಿದೆ, ಹೂಂ ಅಂದೆ, ಲೋಟವನ್ನು ಎರಡೂ ಕೈಯಲ್ಲಿ ಎತ್ತಿ ಗಂಡನ ಮುಂದೆ ಇಟ್ಟೆ. ಇವತ್ತು ನೀವು ಕುಡೀರಿ, ನಿಮ್ಮಮ್ಮ ಮಾಡಿದ್ದಲ್ವಾ, ಮೈಗೆ ಒಳ್ಳೇದು. ಅವನು ನಕ್ಕ, ನನಗೂ ಸೊಂಟ ಬರುತ್ತಾ ಅಂದ, ಎತ್ತಿದ, ಇನ್ನೇನು ತುಟಿಗೆ — ಅತ್ತೆಯ ಕೈ ಚಾಚಿತು, ಲೋಟದ ಬಾಯಿ ಮುಚ್ಚಿತು.

ಬೇಡಪ್ಪ, ನಿನ್ನ ಹೊಟ್ಟೆ ತಡೆಯಲ್ಲ.

ಆ ಕೈ, ಐದೂ ಬೆರಳು, ಬಿಸಿ ಆವಿಯ ಮೇಲೆ, ಸುಟ್ಟರೂ ತೆಗೆಯದ ಕೈ, ಮಗ ನೋಡುತ್ತಿದ್ದಾನೆ, ನಾನು ನೋಡುತ್ತಿದ್ದೇನೆ, ಲೋಟದ ಬಾಯಿಯ ಮೇಲೆ ಆ ಕೈ, ಆ ಕೈ —